ನಗುವ ಮುಖದ ಮೇಲೆ ಇಟ್ಟ ಬೆರಳು

ನನ್ನ ನಾಲಿಗೆ ಉದ್ದ ಎನ್ನುವವರು ನಮ್ಮ ಆಸ್ಪತ್ರೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅಲ್ಲ ಎಂದು ನಾನು ವಾದ ಮಾಡುವುದಿಲ್ಲ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ಒಕ್ಕಲು ಮನೆಯ ಮಗಳು ನಾನು. ದನ, ನೀರಿನ ಮೋಟರು, ದೊಡ್ಡಪ್ಪ, ಚಿಕ್ಕಪ್ಪ ಎಲ್ಲ ಒಟ್ಟಿಗೆ ಸದ್ದು ಮಾಡುವ ಮನೆಯಲ್ಲಿ ಮೆಲ್ಲಗೆ ಮಾತಾಡಿದವರ ಮಾತು ಯಾರ ಕಿವಿಗೂ ಬೀಳುತ್ತಿರಲಿಲ್ಲ. ನರ್ಸಿಂಗ್ ಓದಲು ಹೋದಾಗ ಸಿಸ್ಟರ್ ಅಂದರೆ ತಾಳ್ಮೆ ಎಂದು ಕಲಿಸಿದರು. ತಾಳ್ಮೆ ಕಲಿತೆ. ಬಾಯಿ ಮುಚ್ಚಿಕೊಂಡಿರುವುದನ್ನು ಮಾತ್ರ ಕಲಿಯಲಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ.

ನಾನು ಕೆಲಸ ಮಾಡುವುದು ದಕ್ಷಿಣ ಕೊಡಗಿನ ಒಂದು ಆಸ್ಪತ್ರೆಯಲ್ಲಿ; ಹೆಸರು ಬೇಡ. ಈಗ ಹೇಳುವ ಸಂಗತಿ ನಡೆದಾಗ ಮಕ್ಕಳ ವಾರ್ಡಿನಲ್ಲಿದ್ದೆ. ಆ ವಾರ್ಡಿಗೆ ತೋಟದ ಮಾಲೀಕರ ಮೊಮ್ಮಕ್ಕಳೂ ಬರುತ್ತವೆ, ತೋಟದ ಕೂಲಿಯವರಿರುವ ಲೈನ್ ಮನೆಯ ಮಕ್ಕಳೂ ಬರುತ್ತವೆ. ಒಂದು ಹಾಸಿಗೆಯಲ್ಲಿ ಕೊಡವ ತಕ್ಕ್, ಪಕ್ಕದಲ್ಲಿ ಮಲಯಾಳಂ, ಅದರಾಚೆ ತಮಿಳು, ಕಿಟಕಿಯ ಬಳಿ ಉರ್ದು. ನಾವು ಕನ್ನಡಕ್ಕೆ ಎಲ್ಲವನ್ನೂ ಒಂದಿಷ್ಟು ಬೆರೆಸಿ ಕೆಲಸ ಸಾಗಿಸುತ್ತೇವೆ.

ನನಗೆ ಓದುವ ಚಟ ಇದೆ. ಕಾದಂಬರಿಯಲ್ಲ. ಮಕ್ಕಳ ಶುಶ್ರೂಷೆಯ ಬಗ್ಗೆ ಅಲ್ಲಲ್ಲಿ ನರ್ಸುಗಳು, ಡಾಕ್ಟರುಗಳು ನಡೆಸಿದ ಅಧ್ಯಯನಗಳು. ಊಟದ ಹೊತ್ತಿನಲ್ಲಿ ಟಿಫಿನ್ ಡಬ್ಬಿಗೆ ಮೊಬೈಲ್ ಒರಗಿಸಿ, ಚಿತ್ರಾನ್ನ ತಿನ್ನುತ್ತಾ ಓದುತ್ತೇನೆ. ಅರ್ಥವಾಗದ್ದನ್ನು ಮತ್ತೆ ಓದುತ್ತೇನೆ. ವಾರ್ಡಿನವರು ನನಗೆ ‘ರಿಸರ್ಚ್ ಸಿಸ್ಟರ್’ ಎಂದು ಹೆಸರಿಟ್ಟರು. ತಮಾಷೆಗೆ ಇಟ್ಟ ಹೆಸರು, ನಾನು ಬಿರುದು ಎಂದೇ ತೆಗೆದುಕೊಂಡೆ. ನನಗೆ ಮೈ ಉರಿಯುವ ಮಾತು ಒಂದೇ: ‘ನಾವು ಮೊದಲಿಂದ್ಲೂ ಹೀಗೇ ಮಾಡೋದು.’ ಮೊದಲಿನಿಂದ ಮಾಡುತ್ತಾ ಬಂದದ್ದೆಲ್ಲ ಸರಿಯಾಗಿದ್ದಿದ್ದರೆ ಭೇದಿಯಾದ ಮಗುವನ್ನು ಇವತ್ತಿಗೂ ಉಪವಾಸ ಕೆಡವುತ್ತಿದ್ದೆವು. ಸೂಜಿ ಹಾಕುವಾಗ ತಾಯಿಯನ್ನು ಹೊರಗೆ ಕಳಿಸಿ, ಮಗುವನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಇಬ್ಬರು ಸೇರಿ ಅದುಮಿ ಹಿಡಿಯುವುದೂ ಮೊದಲಿನಿಂದ ಬಂದದ್ದೇ. ತಾಯಿಯ ಮಡಿಲಲ್ಲಿ ಕೂರಿಸಿಕೊಂಡರೆ ಮಗು ಕಡಿಮೆ ಹೆದರುತ್ತದೆ, ಕೆಲಸವೂ ಬೇಗ ಆಗುತ್ತದೆ ಎಂದು ಓದಿ, ಹೇಳಿ, ಬೈಸಿಕೊಂಡು, ಜಗಳವಾಡಿ ನಮ್ಮಲ್ಲಿ ಅದನ್ನು ನಿಲ್ಲಿಸಿದೆ. ಜಗಳವಾಡದೆ ನಿಂತಿದ್ದರೆ ಸಂತೋಷವೇ ಆಗುತ್ತಿತ್ತು. ನಿಲ್ಲಲಿಲ್ಲವಲ್ಲ.

ಮುಖಗಳ ಚಾರ್ಟ್ ಬರಲು ಕಾರಣವೂ ನಾನೇ. ಒಂದು ಸಾಲಿನಲ್ಲಿ ಕೆಲವು ಮುಖಗಳು. ಎಡತುದಿಯದು ನಗುತ್ತಿರುತ್ತದೆ. ಬಲಕ್ಕೆ ಹೋದಂತೆ ಬಾಯಿ ಜೋಲುತ್ತದೆ, ಕೊನೆಯದು ಕಣ್ಣೀರು ಸುರಿಸುತ್ತದೆ. ನಿನಗೆಷ್ಟು ನೋವಿದೆ ಎಂದು ಮಗುವನ್ನು ಕೇಳಬೇಕು, ಅದು ಒಂದು ಮುಖದ ಮೇಲೆ ಬೆರಳಿಡಬೇಕು, ನಾವು ಅದನ್ನು ಬರೆದುಕೊಂಡು ಔಷಧಿ ಕೊಡಬೇಕು. ನೋವು ಯಾರಿಗಿದೆಯೋ ಅವರು ಹೇಳಿದ್ದೇ ಮೊದಲ ಸಾಕ್ಷಿ, ನೋಡುವವರ ಅಂದಾಜು ಆಮೇಲೆ. ‘ಸುಮ್ನೆ ಹಠ ಮಾಡ್ತಿದೆ’ ಎಂದು ನಾವು ನಿಂತಲ್ಲೇ ತೀರ್ಪು ಕೊಡುವುದು ಸಾಕು, ಮಗುವಿನ ಮಾತು ನಂಬೋಣ ಎಂದು ವಾರ್ಡಿನ ಮೀಟಿಂಗಿನಲ್ಲಿ ದೊಡ್ಡ ಭಾಷಣವನ್ನೇ ಬಿಗಿದಿದ್ದೆ.

ನಮ್ಮ ಇನ್‌ಚಾರ್ಜ್ ಸಿಸ್ಟರ್ ಅದನ್ನು ಕೇಳಿ ತಲೆದೂಗಿದರು. ಅವರು ಕೇರಳದಿಂದ ಚಿಕ್ಕ ವಯಸ್ಸಿನಲ್ಲೇ ಕೊಡಗಿಗೆ ಬಂದು ಇಲ್ಲೇ ಕೂದಲು ಹಣ್ಣು ಮಾಡಿಕೊಂಡವರು. ಕೆಲಸದಲ್ಲಿ ಹುಲಿ. ಎಂಥ ಸಣ್ಣ ಕೂಸಿನ ಕೈಯಲ್ಲೂ ರಕ್ತನಾಳ ಹುಡುಕಿ ಒಂದೇ ಸಲಕ್ಕೆ ಸೂಜಿ ಕೂರಿಸಬಲ್ಲರು. ಆ ವಿಷಯದಲ್ಲಿ ನಾನು ಅವರ ಕಾಲ ಧೂಳಿಗೂ ಸಮನಲ್ಲ. ಆದರೆ ಚಾರ್ಟ್ ಎಂದರೆ ಅವರಿಗೆ ಇನ್‌ಸ್ಪೆಕ್ಷನ್‌ಗೆ ಬಂದವರು ನೋಡಿ ಮೆಚ್ಚಿಕೊಳ್ಳುವ ವಸ್ತು. ಪ್ಲಾಸ್ಟಿಕ್ ಹೊದಿಸಿ ಪ್ರತಿ ಮಂಚದ ತಲೆಬದಿಗೂ ಒಂದೊಂದು ತೂಗುಹಾಕಿಸಿದರು. ಕೆಲಸ ಮುಗಿಯಿತು ಎಂದುಕೊಂಡರು.

ಕಾಫಿ ಪಿಕ್ಕಿಂಗ್ ಜೋರಾಗಿದ್ದ ಚಳಿಯ ದಿನಗಳಲ್ಲಿ ಬಾಳೆಲೆ ಊರಿನ ಕಡೆಯ ಎಸ್ಟೇಟಿನ ಲೈನಿನಿಂದ ಆ ಹುಡುಗಿ ಬಂದಳು. ಏಳೋ ಎಂಟೋ ವರ್ಷ. ಅಮ್ಮ ಅದೇ ತೋಟದಲ್ಲಿ ಹಣ್ಣು ಕೊಯ್ಯುವವಳು. ಮೂಲದಲ್ಲಿ ಕಾಡಂಚಿನ ಹಾಡಿಯವರು, ಈಗ ಲೈನೇ ಮನೆ. ತೋಟದ ಲೆಕ್ಕ ಬರೆಯುವ ರೈಟರು ಜೀಪು ಕೊಟ್ಟು ಕಳಿಸಿದ್ದರು. ಹುಡುಗಿಗೆ ಹುಟ್ಟಿನಿಂದ ಸಿಕಲ್ ಸೆಲ್ ಕಾಯಿಲೆ. ದುಂಡಗಿರಬೇಕಾದ ರಕ್ತಕಣಗಳು ಕುಡುಗೋಲಿನ ಹಾಗೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಆಗ ಮೂಳೆಗೆ ರಕ್ತ ಹೋಗುವುದಿಲ್ಲ. ಚಳಿಯಾದರೂ ಸಾಕು, ನೀರು ಕುಡಿಯುವುದು ಕಡಿಮೆಯಾದರೂ ಸಾಕು, ಕೈಕಾಲು, ಬೆನ್ನು, ಎದೆ ಎಲ್ಲೆಂದರಲ್ಲಿ ನೋವು ಹತ್ತಿಕೊಳ್ಳುತ್ತದೆ. ಎಲುಬು ಮುರಿದವರ ನೋವಿನಷ್ಟೇ ಜೋರು ಎಂದು ಅನುಭವಿಸಿದವರು ಹೇಳುತ್ತಾರೆ. ಹೊರಗಿನಿಂದ ನೋಡಿದರೆ ಗಾಯವಿಲ್ಲ, ಊತವಿಲ್ಲ, ಏನೂ ಇಲ್ಲ.

ಅವಳು ನಮ್ಮ ವಾರ್ಡಿಗೆ ಹೊಸಬಳಲ್ಲ. ಈ ಕಾಯಿಲೆಗೆ ಹಿಂದೆಯೂ ಬಂದು ಮಲಗಿ ಹೋಗಿದ್ದಳು. ‘ಪಾಪದ ಮಗು, ಒಂದು ಸದ್ದಿಲ್ಲ’ ಎಂದು ಎಲ್ಲರೂ ಮೆಚ್ಚಿಕೊಂಡಿದ್ದರು. ನಮ್ಮಲ್ಲಿ ಮಗುವಿಗೆ ಸಿಗುವ ದೊಡ್ಡ ಸರ್ಟಿಫಿಕೇಟೇ ಅದು.

ನಾನು ಡ್ಯೂಟಿಗೆ ಬಂದಾಗ ಅವಳು ಅಡ್ಮಿಟ್ ಆಗಿ ಒಂದು ದಿನ ಕಳೆದಿತ್ತು. ಡ್ರಿಪ್ ಹೋಗುತ್ತಿತ್ತು, ಕಂಬಳಿ ಹೊದಿಸಿದ್ದರು, ನೋವಿಗೆ ಔಷಧಿ ಬರೆದಿದ್ದರು. ಬರೆದದ್ದು ಹೇಗೆ? ‘ಬೇಕಿದ್ದರೆ ಕೊಡಿ’ ಎಂದು. ಬೇಕೋ ಬೇಡವೋ ಎಂಬುದನ್ನು ಚಾರ್ಟ್ ಹೇಳಬೇಕು. ಬಂದ ಸಿಸ್ಟರೆಲ್ಲ ಕೇಳಿದ್ದಾರೆ, ಹುಡುಗಿ ಕೇಳಿದಾಗಲೆಲ್ಲ ನಗುವ ಮುಖದ ಮೇಲೆ ಬೆರಳಿಟ್ಟಿದ್ದಾಳೆ. ನೋವಿಲ್ಲ. ಹಾಗಾಗಿ ಔಷಧಿಯೂ ಇಲ್ಲ. ಎಲ್ಲ ಅಚ್ಚುಕಟ್ಟು, ಯಾರ ಕಡೆಯಿಂದಲೂ ತಪ್ಪಿಲ್ಲ.

ಪಕ್ಕದ ಮಂಚದಲ್ಲಿ ಮೂರ್ನಾಡಿನ ಅಂಗಡಿಯವರ ಹುಡುಗ. ಸೈಕಲ್ಲಿನಿಂದ ಬಿದ್ದು ಮೊಣಕೈ ಮುರಿದುಕೊಂಡಿದ್ದ. ಅವನು ಕೂಗಿದ ಕೂಗಿಗೆ ಕಾಯುತ್ತಿದ್ದ ನೆಂಟರೆಲ್ಲ ಓಡಿಬಂದು, ಸಿಸ್ಟರ್ ಸಿಸ್ಟರ್ ಎಂದು ನಮ್ಮ ಕೋಣೆಯ ಬಾಗಿಲಿಗೇ ಬರುತ್ತಿದ್ದರು. ಅವನಿಗೆ ಹೊತ್ತು ಹೊತ್ತಿಗೆ ಔಷಧಿ ಹೋಗುತ್ತಿತ್ತು. ಹೋಗಲೇಬೇಕು, ಮುರಿದ ಕೈ ಅದು. ಅವನ ಪಾಲಿನದನ್ನು ಕಿತ್ತುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಅಳದ ಮಗುವಿಗೆ ತಾಯಿಯೂ ಹಾಲು ಕೊಡಲ್ಲ ಎನ್ನುತ್ತಾರೆ. ಆ ಗಾದೆ ಮನೆಗೆ ಸರಿ. ಆಸ್ಪತ್ರೆಯೂ ಅದೇ ಗಾದೆಯ ಮೇಲೆ ನಡೆಯುವುದಾದರೆ ನಾವು ಇಷ್ಟು ವರ್ಷ ಓದಿದ್ದು ಯಾವ ಪುರುಷಾರ್ಥಕ್ಕೆ?

ಹುಡುಗಿಯ ಹತ್ತಿರ ಕೂತೆ. ಮೊಣಕಾಲು ಎರಡನ್ನೂ ಹೊಟ್ಟೆಗೆ ಮಡಚಿ ಗೋಡೆ ಕಡೆ ಮುಖ ಮಾಡಿದ್ದಳು. ಒಂದು ಕೈ ಮಂಚದ ಕಂಬಿಯನ್ನು ಹಿಡಿದದ್ದು ಬಿಟ್ಟಿರಲಿಲ್ಲ. ಬೆರಳ ಗೆಣ್ಣು ಬೆಳ್ಳಗಾಗಿತ್ತು. ಹಲ್ಲು ಕಚ್ಚಿ ದವಡೆ ಗಟ್ಟಿಯಾಗಿತ್ತು. ಪಕ್ಕದ ಮಂಚದ ಹುಡುಗನ ಮೊಬೈಲಿನಲ್ಲಿ ಕಾರ್ಟೂನ್ ಓಡುತ್ತಿತ್ತು. ಯಾವ ಮಗುವಾದರೂ ಕತ್ತು ತಿರುಗಿಸುವ ಸದ್ದು. ಇವಳು ತಿರುಗಲಿಲ್ಲ. ಉಸಿರು ಮೇಲುಮೇಲಕ್ಕೆ ಆಡುತ್ತಿತ್ತು, ಎದೆ ತುಂಬಾ ಎಳೆದುಕೊಳ್ಳಲು ಹೆದರಿದವರ ಹಾಗೆ. ಪುಟ್ಟೀ, ನೋವು ಎಷ್ಟಿದೆ ತೋರಿಸು ಎಂದೆ. ಕಂಬಿ ಹಿಡಿದ ಕೈ ಬಿಡಿಸಿಕೊಂಡು, ನಿಧಾನವಾಗಿ ಎತ್ತಿ, ನಗುವ ಮುಖ ತೋರಿಸಿದಳು.

ಇಷ್ಟು ಕಣ್ಣೆದುರಿಗೆ ಇರುವುದನ್ನು ಬಿಟ್ಟು ನಾವು ಬೆರಳನ್ನು ಮಾತ್ರ ನೋಡಿದ್ದೇವಲ್ಲ. ಮಗು ಹೇಳಿದ್ದನ್ನು ನಂಬಬೇಕು ಎಂದು ಓದಿದ ಕಡೆಯಲ್ಲೇ ಅದರ ಮುಂದಿನ ಮಾತೂ ಇತ್ತು. ಮಗುವಿಗೆ ಪ್ರಶ್ನೆ ಅರ್ಥವಾಗಿದೆಯೋ ಇಲ್ಲವೋ ಮೊದಲು ಪರೀಕ್ಷಿಸಿ ನೋಡಬೇಕು. ಬೆರಳೊಂದು ಹೇಳಿ ಮೈ ಇನ್ನೊಂದು ಹೇಳುತ್ತಿದ್ದರೆ, ಮೈಯನ್ನು ನೋಡಬೇಕು: ಮುಖ, ಕಾಲು, ಅಲುಗಾಟ, ಅಳು, ಎತ್ತಿಕೊಂಡರೆ ಸಮಾಧಾನವಾಗುತ್ತದೆಯೇ ಇಲ್ಲವೇ. ಅದರಲ್ಲೂ ಮತ್ತೆ ಮತ್ತೆ ನೋವು ತಿಂದ ಮಗು ಒದ್ದಾಡುವುದಿಲ್ಲ, ಅಲುಗಿದರೆ ಹೆಚ್ಚಾಗುತ್ತದೆ ಎಂದು ಗೊತ್ತಿರುವುದರಿಂದ ಕೊರಡಿನಂತೆ ಮಲಗುತ್ತದೆ. ಇದನ್ನೆಲ್ಲ ನಾನು ಮೀಟಿಂಗಿನಲ್ಲಿ ಹೇಳಿದ್ದೆ. ಚಾರ್ಟಿಗೆ ಪ್ಲಾಸ್ಟಿಕ್ ಹೊದಿಸುವಾಗ ಈ ಮಾತು ಹೊರಗೇ ಉಳಿದುಹೋಯಿತು.

ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಹೋಗಿ ಈ ಮಗುವಿಗೆ ತಡೆಯಲಾರದ ನೋವಿದೆ, ಈಗಲೇ ಔಷಧಿ ಕೊಡಬೇಕು ಎಂದೆ. ಅವರು ಕನ್ನಡಕದ ಮೇಲಿಂದ ನೋಡಿದರು. ಮಗಳೇ ಎನ್ನಲು ಅವರ ಬಾಯಿಗೆ ಇವತ್ತಿಗೂ ಮಲಯಾಳಂನ ‘ಮೋಳೆ’ಯೇ ಬರುವುದು.

“ಎಂತ ಮೋಳೆ, ನೀನೇ ಅಲ್ವಾ ಹೇಳಿದ್ದು, ಮಗು ಹೇಳಿದ್ದನ್ನ ನಂಬಬೇಕು ಅಂತ? ಅವಳು ನಗೋ ಮುಖ ತೋರಿಸ್ತಾಳೆ. ಈಗ ನಂಬಬಾರ್ದಾ?”

ನನ್ನ ಬಾಣ ನನಗೇ ತಿರುಗಿ ಬಂತು. ಅವರು ಗೆದ್ದ ಖುಷಿಯಲ್ಲಿ ಹಾಗೆ ಹೇಳಲಿಲ್ಲ, ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ನಿನ್ನೆಯವರೆಗೆ ಕಣ್ಣಂದಾಜು ತಪ್ಪು, ಚಾರ್ಟ್ ಸರಿ ಎಂದವಳು ಇವತ್ತು ಚಾರ್ಟ್ ಬಿಟ್ಟು ಕಣ್ಣು ನಂಬಿ ಎನ್ನುತ್ತಿದ್ದೇನೆ. ಎರಡೂ ಬೇಕು ಸಿಸ್ಟರ್, ಎರಡೂ ಒಂದಕ್ಕೊಂದು ಹೊಂದದಿದ್ದಾಗ ಯಾಕೆ ಹೊಂದುತ್ತಿಲ್ಲ ಎಂದು ಕೇಳುವುದೇ ನಮ್ಮ ಕೆಲಸ ಎಂದೆ. ಡಾಕ್ಟರ್ ಹತ್ತಿರವೇ ಕೇಳಿಕೋ ಎಂದು ಅವರು ಬೇರೆ ಕೆಲಸಕ್ಕೆ ಎದ್ದರು.

ಡಾಕ್ಟರಿಗೆ ಫೋನ್ ಮಾಡಿದೆ. ಒಳ್ಳೆಯ ಡಾಕ್ಟರು, ಮಕ್ಕಳಿಗೆ ಎಂದೂ ಗದರಿದವರಲ್ಲ. ಆದರೆ ಅವರಿಗೂ ತಲೆಯಲ್ಲಿ ಒಂದು ಲೆಕ್ಕ ಕೂತುಬಿಟ್ಟಿತ್ತು.

“ಈ ಮಕ್ಕಳು ಗಟ್ಟಿ ಸಿಸ್ಟರ್. ಅಷ್ಟು ನೋವಿದ್ರೆ ಇಷ್ಟು ಸುಮ್ನೆ ಮಲಗ್ತಾರಾ? ಸುಮ್ಸುಮ್ನೆ ಸ್ಟ್ರಾಂಗ್ ಮೆಡಿಸಿನ್ ಕೊಟ್ಟು ಅಭ್ಯಾಸ ಆಗೋದು ಬೇಡ. ಪ್ಯಾರಸಿಟಮಾಲ್ ಕೊಡಿ, ನಾಳೆ ರೌಂಡ್ಸಿಗೆ ನೋಡೋಣ.”

ಗಟ್ಟಿ ಮಕ್ಕಳು. ಈ ಮಾತನ್ನು ನಾನು ಎಷ್ಟು ಬಾಯಿಂದ ಕೇಳಿದ್ದೇನೋ. ಬರಿಗಾಲಲ್ಲಿ ತೋಟದಲ್ಲಿ ಓಡಾಡುತ್ತಾರೆ, ಜಿಗಣೆ ಕಚ್ಚಿದರೂ ಕಿತ್ತೆಸೆದು ಹೋಗುತ್ತಾರೆ, ಹಾಗಾಗಿ ಅವರಿಗೆ ನೋವಾಗುವುದಿಲ್ಲವಂತೆ. ಮೂಳೆಯೊಳಗೆ ರಕ್ತ ನಿಂತುಹೋದರೆ ಅದು ತೋಟದ ಮಾಲೀಕರ ಮಗುವೋ ಲೈನಿನ ಮಗುವೋ ಎಂದು ನೋವು ವಿಳಾಸ ಕೇಳಿಕೊಂಡು ಬರುತ್ತದೆಯೇ? ಇದನ್ನು ನಾನು ಫೋನಿನಲ್ಲಿ ಹೇಳಿದೆ. ಮೊಬೈಲ್ ನೋಡಿ ಡಾಕ್ಟರಾಗಲು ಬರುವುದಿಲ್ಲ ಸಿಸ್ಟರ್ ಎಂದು ಹೇಳಿ ಅವರು ಫೋನ್ ಇಟ್ಟರು. ನಾನು ಡಾಕ್ಟರಾಗಲು ಹೊರಟಿರಲಿಲ್ಲ. ನನ್ನ ಕೆಲಸವನ್ನೇ ಮಾಡಲು ಹೊರಟಿದ್ದೆ.

ಪ್ಯಾರಸಿಟಮಾಲ್ ಕೊಟ್ಟೆ. ಬಿಸಿನೀರಿನ ಬ್ಯಾಗು ಬಟ್ಟೆಯಲ್ಲಿ ಸುತ್ತಿ ಬೆನ್ನಿಗೆ ಇಟ್ಟೆ. ಬಿಸಿ ಹಾಲು ಗುಟುಕು ಗುಟುಕಾಗಿ ಕುಡಿಸಿದೆ. ಮರದ ಬುಡಕ್ಕೆ ಬೆಂಕಿ ಬಿದ್ದಾಗ ಎಲೆಗೆ ನೀರು ಚಿಮುಕಿಸಿದ ಹಾಗೆ ಇತ್ತು ನನ್ನ ಕೆಲಸ.

ಮಧ್ಯಾಹ್ನದ ಮೇಲೆ ಅವಳ ಅಮ್ಮ ಬಟ್ಟೆಯ ಚೀಲ ಕಟ್ಟುತ್ತಿದ್ದಳು. ಎಲ್ಲಿಗೆ ಎಂದೆ. ಮನೆಗೆ ಎಂದಳು. ನನ್ನ ಮುಖ ನೋಡದೆ, ಚೀಲದ ದಾರ ಬಿಗಿಯುತ್ತಾ ಹೇಳಿದಳು:

“ಇಲ್ಲಿ ಮಲಗಿದ್ರೂ ಅದೇ ನೋವು, ಲೈನಲ್ಲಿ ಮಲಗಿದ್ರೂ ಅದೇ ನೋವು ಅಕ್ಕ. ಅಲ್ಲಿ ಬೆಂಕಿನಾದ್ರೂ ಉಂಟು. ಇವ್ಳಿಗೆ ಏನೂ ಇಲ್ಲ ಅಂತ ಹೇಳ್ತೀರಲ್ಲ ನೀವೆಲ್ಲ.”

ಹೆದರಿಕೆ ಆದದ್ದು ನನಗೆ ಆಗ. ಈ ಕಾಯಿಲೆಯಲ್ಲಿ ನೋವು ಬರೀ ನೋವಲ್ಲ. ಉಸಿರೆಳೆದರೆ ಪಕ್ಕೆಲುಬು ನೋಯುತ್ತದೆ ಎಂದು ಮಗು ಮೇಲುಸಿರಲ್ಲೇ ಇರುತ್ತದೆ. ಎದೆಯ ತಳಕ್ಕೆ ಗಾಳಿ ಹೋಗುವುದಿಲ್ಲ. ಹಾಗೇ ಬಿಟ್ಟರೆ ಕಾಯಿಲೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಇಳಿದರೆ ಆ ದೂರದ ಲೈನಿನಿಂದ ಜೀಪು ಹುಡುಕಿ ತಿರುಗಿ ತರುವಷ್ಟರಲ್ಲಿ ಏನು ಬೇಕಾದರೂ ಆಗಬಹುದು. ನೋವಿಗೆ ಸರಿಯಾಗಿ ಔಷಧಿ ಕೊಡುವುದೆಂದರೆ ಆ ಮಗುವಿನ ಉಸಿರು ಕಾಯುವುದು. ಈ ಹೆಂಗಸು ಮಗಳನ್ನು ಎತ್ತಿಕೊಂಡು ಗೇಟು ದಾಟಿದರೆ ಜೀವಂತವಾಗಿ ಮತ್ತೆ ನೋಡುತ್ತೇನೋ ಇಲ್ಲವೋ ಎನಿಸಿತು.

ನಾಳೆ ಬೆಳಗಿನ ರೌಂಡ್ಸ್ ಮುಗಿಯುವವರೆಗೆ ಇರು, ನಾನಿದ್ದೇನೆ ಎಂದೆ. ನೀನಿದ್ದು ಏನು ಮಾಡ್ತೀಯ ಎನ್ನುವ ಹಾಗೆ ನೋಡಿದಳು. ಜಗಳವಾಡ್ತೀನಿ ಎಂದೆ. ಅದೇನು ನಂಬಿಕೆ ಬಂತೋ, ಚೀಲವನ್ನು ಮಂಚದ ಕೆಳಗೆ ತಳ್ಳಿದಳು. ಗಂಟು ಮಾತ್ರ ಬಿಚ್ಚಲಿಲ್ಲ.

ಮರುದಿನ ಡಾಕ್ಟರು ರೌಂಡ್ಸಿಗೆ ಬಂದರು. ಜೊತೆಗೆ ಇನ್‌ಚಾರ್ಜ್ ಸಿಸ್ಟರ್. ಕಸ ತೆಗೆಯುತ್ತಿದ್ದ ಆಯಮ್ಮನೂ ಪೊರಕೆ ಹಿಡಿದು ಅಲ್ಲೇ ನಿಂತರು. ಈ ಆಯಮ್ಮ ನಮ್ಮ ವಾರ್ಡಿನ ಹಳಬರು, ಮಕ್ಕಳೆಂದರೆ ಪ್ರಾಣ ಬಿಡುವವರು. ಹುಡುಗಿಯ ಮಂಚದ ಹತ್ತಿರ ಬಂದ ಕೂಡಲೇ ನಾನು, ಸರ್, ಒಂದು ನಿಮಿಷ ಕೊಡಿ, ನಾನೇನೂ ಹೇಳುವುದಿಲ್ಲ, ಬರೀ ಪ್ರಶ್ನೆ ಕೇಳುತ್ತೇನೆ ಎಂದೆ. ಡಾಕ್ಟರು ಗಡಿಯಾರ ನೋಡಿದರು. ಕೇಳಿ ಎಂದರು.

ಚಾರ್ಟ್ ಅವಳ ಮುಂದೆ ಹಿಡಿದೆ. ಇರುವೆ ಕಚ್ಚಿದರೆ ಯಾವ ಮುಖ ಪುಟ್ಟೀ ಎಂದೆ. ನಗುವ ಮುಖದ ಮೇಲೆ ಬೆರಳು. ಕಾಫಿ ಒಣಗಿಸುವ ಕಣದಲ್ಲಿ ಬಿದ್ದು ಮೊಣಕಾಲು ಕಿತ್ತುಹೋದರೆ? ನಗುವ ಮುಖ. ಒಲೆಯ ಮೇಲಿನ ಪಾತ್ರೆ ಕೈಗೆ ತಾಗಿ ಸುಟ್ಟರೆ? ಹುಡುಗಿ ಒಂದು ಕ್ಷಣ ನನ್ನನ್ನೇ ನೋಡಿದಳು, ಇದೇನು ಮೋಸದ ಪ್ರಶ್ನೆಯೋ ಎಂಬಂತೆ. ಆಮೇಲೆ ಮತ್ತೆ ಅದೇ ನಗುವ ಮುಖ.

ಡಾಕ್ಟರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು. ಕೈಯಲ್ಲಿದ್ದ ಫೈಲನ್ನು ಇನ್‌ಚಾರ್ಜ್ ಸಿಸ್ಟರ್ ಕೈಗೆ ಕೊಟ್ಟು, ಮಂಚದ ಪಕ್ಕ ಕುಕ್ಕರಗಾಲಲ್ಲಿ ಕೂತರು. ಬಿಸಿ ತಾಗಿದರೂ ನಗುತ್ತೀಯಾ, ಯಾಕೆ ಮಗಾ ಎಂದು ಮೆಲ್ಲಗೆ ಕೇಳಿದರು. ಹುಡುಗಿ ಅಮ್ಮನನ್ನು ನೋಡಿದಳು, ಆಯಮ್ಮನನ್ನು ನೋಡಿದಳು.

“ಅದನ್ನ ತೋರಿಸಿದ್ರೆ ಮನೆಗೆ ಬಿಡ್ತಾರಲ್ಲ.”

ಆಯಮ್ಮ ಪೊರಕೆಯ ಕಡ್ಡಿಯನ್ನು ಕೀಳುತ್ತಾ ನಿಂತರು.

ಅವಳು ಇದನ್ನು ಎಲ್ಲಿ ಕಲಿತಳು ಎಂದು ಯಾರೂ ಕೇಳಬೇಕಾಗಿರಲಿಲ್ಲ. ನಮ್ಮ ವಾರ್ಡಿನ ಗೋಡೆಗೋಡೆಗೂ ಗೊತ್ತಿದ್ದ ಮಾತು ಅದು. ಅಳುವ ಮಗುವಿನ ಗಲ್ಲ ಹಿಡಿದು ಆಯಮ್ಮ ಹೇಳುತ್ತಿದ್ದರು, ಸೂಜಿ ಹಾಕುವಾಗ ಸಿಸ್ಟರುಗಳು ಹೇಳುತ್ತಿದ್ದೆವು, ರೌಂಡ್ಸಿನಲ್ಲಿ ಡಾಕ್ಟರೂ ಹೇಳುತ್ತಿದ್ದರು: ‘ಎಲ್ಲಿ, ನಗು ನೋಡುವಾ. ನಕ್ಕರೆ ನಾಳೆ ಮನೆಗೆ.’ ಪ್ರೀತಿಯಿಂದಲೇ ಹೇಳಿದ ಮಾತು, ಯಾರ ಮನಸ್ಸಿನಲ್ಲೂ ಕಪಟವಿರಲಿಲ್ಲ. ಆದರೆ ಬಂದು ಹೋಗುವ ಮಕ್ಕಳಿಗೆ ಅದು ತಮಾಷೆ, ಮತ್ತೆ ಮತ್ತೆ ಬರುವ ಮಗುವಿಗೆ ಅದು ಕಾನೂನು. ಅಂಥ ವಾರ್ಡಿನಲ್ಲಿ ನಗುವ ಮುಖ, ಅಳುವ ಮುಖ ಎರಡನ್ನೂ ಮಗುವಿನ ಮುಂದೆ ಹಿಡಿದು, ಯಾವುದು ಬೇಕು ಎಂದು ನಾವು ಕೇಳಿದ್ದೆವು.

“ಸರ್, ಇದು ನೋವಿನ ಚಾರ್ಟ್ ಅಲ್ಲ,” ಎಂದೆ. “ಮನೆಗೆ ಹೋಗೋ ಟಿಕೆಟ್. ನಾವೇ ಪ್ರಿಂಟ್ ಮಾಡಿ ಕೊಟ್ಟಿದ್ದೀವಿ.”

ನನ್ನ ದನಿ ಜೋರಾಗಿತ್ತು ಎಂದು ಆಮೇಲೆ ಹೇಳಿದರು. ಇದ್ದಿರಬಹುದು. ನಿನ್ನೆಯಿಂದ ನುಂಗಿಕೊಂಡಿದ್ದೆಲ್ಲ ಹೊರಗೆ ಬಂತು. ಅವಳ ಬೆರಳಿನ ಗೆಣ್ಣು ನೋಡಿ, ದವಡೆ ನೋಡಿ, ಮಡಚಿದ ಕಾಲು ನೋಡಿ, ಉಸಿರು ಎಷ್ಟು ಮೇಲೆ ಆಡುತ್ತಿದೆ ನೋಡಿ ಎಂದೆ. ‘ಬೇಕಿದ್ದರೆ ಕೊಡಿ’ ಎಂದು ಬರೆದರೆ ಕೇಳಲು ಬರುವವರಿಗೆ ಮಾತ್ರ ಸಿಗುತ್ತದೆ, ಹೊತ್ತು ಹೊತ್ತಿಗೆ ಕೊಡಿ ಎಂದು ಬರೆಯಿರಿ ಎಂದೆ. ಈ ಕಾಯಿಲೆಯ ಮಕ್ಕಳಿಗೆ ನೋವು ಏರುವವರೆಗೆ ಕಾಯದೆ ಕ್ರಮವಾಗಿ ಔಷಧಿ ಕೊಟ್ಟು, ಕೊಟ್ಟ ಮೇಲೆ ಮತ್ತೆ ಮತ್ತೆ ನೋಡಬೇಕು ಎಂದು ಎಲ್ಲೆಡೆ ಒಪ್ಪಿದ್ದಾರೆ, ನನ್ನ ಮೊಬೈಲಿನಲ್ಲಿದೆ, ಬೇಕಾದರೆ ಓದಿ ಎಂದು ಜೇಬಿನಿಂದ ತೆಗೆದು ಹಿಡಿದೇಬಿಟ್ಟೆ.

ಡಾಕ್ಟರು ಮೊಬೈಲ್ ತೆಗೆದುಕೊಳ್ಳಲಿಲ್ಲ. ಸ್ಟೆತಾಸ್ಕೋಪನ್ನು ಹುಡುಗಿಯ ಬೆನ್ನಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಜೋರಾಗಿ ಉಸಿರೆಳೆ ಎಂದರು. ಅವಳಿಂದ ಆಗಲಿಲ್ಲ. ಎದ್ದು, ಫೈಲು ಇಸಿದುಕೊಂಡು, ಹಳೆಯ ಸಾಲಿನ ಮೇಲೆ ಗೆರೆ ಎಳೆದು ಹೊಸದಾಗಿ ಬರೆದರು. ಗಟ್ಟಿ ಔಷಧಿಯನ್ನೇ, ಹೊತ್ತು ಹೊತ್ತಿಗೆ.

“ಬರೆದಿದ್ದೀನಿ. ಉಸಿರಾಟ ನೀವೇ ಕೂತು ನೋಡ್ಕೋಬೇಕು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮೊದಲು ನಿಮ್ಮನ್ನ ಕೇಳ್ತೀನಿ.”

ಕೇಳಿ ಎಂದೆ. ಕೂತೆ. ಆ ದಿನ ನನ್ನ ಟಿಫಿನ್ ಡಬ್ಬಿ ತೆರೆಯಲೇ ಇಲ್ಲ. ಔಷಧಿ ಒಳಗೆ ಹೋಗಿ ಸ್ವಲ್ಪ ಹೊತ್ತಿಗೆ ಕಂಬಿ ಹಿಡಿದ ಕೈ ತಾನಾಗಿ ಸಡಿಲವಾಯಿತು. ಆಮೇಲೆ ಒಂದು ಕಾಲು ಚಾಚಿದಳು. ಮತ್ತೊಂದು ಚಾಚಿದಳು. ಎದೆ ಏರಿ ಇಳಿಯುವುದು ಕಂಬಳಿಯ ಮೇಲಿಂದ ಕಾಣತೊಡಗಿತು. ನಿದ್ದೆ ಹೋದಳು. ಅವಳಮ್ಮ ಮಂಚದ ಕೆಳಗಿಂದ ಚೀಲ ಎಳೆದು, ಗಂಟು ಬಿಚ್ಚಿ, ಮಗಳ ಸ್ವೆಟರ್ ಹೊರಗೆ ತೆಗೆದಳು.

ಎರಡು ಮೂರು ದಿನ ಕಳೆದ ಮೇಲೆ, ನಾನು ಪಕ್ಕದ ಮಂಚದಲ್ಲಿದ್ದಾಗ, ಹಿಂದಿನಿಂದ ಒಂದು ಅಳು ಕೇಳಿಸಿತು. ಯಾವ ಮಗುವಿನದೆಂದು ಗೊತ್ತಾಗಲಿಲ್ಲ, ಯಾಕೆಂದರೆ ಆ ದನಿಯನ್ನು ನಾವು ಯಾರೂ ಹಿಂದೆ ಕೇಳಿರಲಿಲ್ಲ. ತಿರುಗಿ ನೋಡಿದರೆ ಅವಳೇ. ತೊಡೆಯ ಮೂಳೆಯಲ್ಲಿ ಮತ್ತೆ ನೋವು ಎದ್ದಿತ್ತು; ಬಾಯಿ ಅಗಲಿಸಿ ಅಳುತ್ತಿದ್ದಳು. ಆಯಮ್ಮ ಅಭ್ಯಾಸಬಲದಿಂದ ಗಲ್ಲ ಹಿಡಿದು, ಎಲ್ಲಿ ಎಂದು ಶುರು ಮಾಡಿದವರು ಅರ್ಧಕ್ಕೇ ನಿಲ್ಲಿಸಿ ನನ್ನ ಮುಖ ನೋಡಿದರು. ಅಳಲಿ ಬಿಡಿ ಆಯಮ್ಮ ಎಂದೆ. ನನ್ನ ಕಣ್ಣಲ್ಲಿ ನೀರು ಬಂತು. ಸಿಟ್ಟಿಗೋ ಸಂತೋಷಕ್ಕೋ, ಎರಡಕ್ಕೂ ಇರಬೇಕು.

ಹುಡುಗಿ ಗುಣವಾಗಿ ಮನೆಗೆ ಹೋದಳು. ಜಗಳ ಅಲ್ಲಿಗೆ ಮುಗಿಯಲಿಲ್ಲ. ‘ನಕ್ಕರೆ ಮನೆಗೆ’ ಎಂಬ ಮಾತನ್ನು ವಾರ್ಡಿನಲ್ಲಿ ಯಾರೂ ಆಡಬಾರದು, ಚಾರ್ಟ್ ತೋರಿಸುವ ಮೊದಲು ಇರುವೆ, ಮೊಣಕಾಲು ಎಂದು ಕೇಳಿ ನೋಡಬೇಕು, ಅಳದ ಮಗುವಿನ ಹತ್ತಿರ ಹೆಚ್ಚು ಹೊತ್ತು ನಿಲ್ಲಬೇಕು ಎಂದು ಮೀಟಿಂಗಿನಲ್ಲಿ ಹೇಳಿದೆ. ರೌಂಡ್ಸಿನಲ್ಲಿ ನಡೆದದ್ದನ್ನೂ ಎಲ್ಲರೆದುರು ಹೇಳಿದೆ. ಇನ್‌ಚಾರ್ಜ್ ಸಿಸ್ಟರ್ ಮುಖ ಕೆಂಪಾಯಿತು. ಮಕ್ಕಳನ್ನು ಸಮಾಧಾನ ಮಾಡುವುದನ್ನೂ ನಿನ್ನಿಂದ ಕಲಿಯಬೇಕಾ ಎಂದರು. ಗೊತ್ತಿಲ್ಲದ್ದನ್ನು ಯಾರಿಂದ ಕಲಿತರೇನು ಎಂದೆ. ಆ ಉತ್ತರ ಬೇಡವಿತ್ತು ಎಂದು ಗೆಳತಿಯರು ಈಗಲೂ ಹೇಳುತ್ತಾರೆ.

ಸ್ವಲ್ಪ ದಿನದಲ್ಲೇ ನನ್ನನ್ನು ಮಕ್ಕಳ ವಾರ್ಡಿನಿಂದ ಕೆಳಗಿನ ಲಸಿಕೆ ಕೋಣೆಗೆ ಹಾಕಿದರು. ಅಲ್ಲಿ ಜನ ಬೇಕು ಅಂತ ಕಾರಣ ಕೊಟ್ಟರು. ಯಾರ ಕಿವಿಗೆ ಹೂ ಇಡುತ್ತಾರೆ? ಅಳುತ್ತಾ ಕೂರಲಿಲ್ಲ. ಲಸಿಕೆ ಕೋಣೆಯಲ್ಲೂ ಮಕ್ಕಳೇ ತಾನೇ ಬರುವುದು. ಎದೆಹಾಲು ಕುಡಿಸುತ್ತಿರುವಾಗಲೇ ಸೂಜಿ ಹಾಕಿದರೆ ಕೂಸಿಗೆ ನೋವು ಕಡಿಮೆ ಎಂಬುದು ಬಹಳ ಕಡೆ ನೋಡಿ ಖಚಿತವಾದದ್ದು. ಬಂದ ಮೊದಲ ವಾರವೇ ಕುರ್ಚಿ ತಿರುಗಿಸಿ, ಅಡ್ಡಕ್ಕೊಂದು ಪರದೆ ಕಟ್ಟಿಸಿದೆ. ಇದೇನು ಹೊಸ ಪದ್ಧತಿ ಎಂದು ಇಲ್ಲೂ ಕೇಳಿದರು. ಕೇಳಲಿ.

ಮಳೆಗಾಲ ಹಿಡಿದ ಮೇಲೆ ಒಂದು ಬೆಳಿಗ್ಗೆ, ಲಸಿಕೆ ಕೋಣೆಯ ಎದುರಿಗಿರುವ ಎಮರ್ಜೆನ್ಸಿಯಿಂದ ದೊಡ್ಡ ಗಲಾಟೆ ಕೇಳಿಸಿತು. ಒಂದು ಹುಡುಗಿಯ ಕೂಗು. ಕಾಲು ನೋಯ್ತದೆ, ಬೆನ್ನು ನೋಯ್ತದೆ, ಹೋದ ಸಲ ಕೊಟ್ಟ ಔಷಧಿ ಕೊಡಿ, ಈಗ ಕೊಡಿ ಎಂದು ಬಿಡದೆ ಕೂಗುತ್ತಿದ್ದಳು. ಕೈಯಲ್ಲಿದ್ದ ಕೂಸಿನ ಲಸಿಕೆ ಮುಗಿಸಿ ಬಾಗಿಲಿಗೆ ಬಂದೆ. ಬಾಳೆಲೆ ಕಡೆಯ ಅದೇ ಹುಡುಗಿ, ಅಮ್ಮನ ಮಡಿಲಲ್ಲಿ. ಅವಳನ್ನು ಎಂದೂ ನೋಡಿರದ ಹೊಸ ಸಿಸ್ಟರ್ ಒಬ್ಬಳು, ಅಬ್ಬಾ ಎಂಥ ಜೋರು ಹುಡುಗಿ ಇದು ಎಂದು ಗೊಣಗುತ್ತಾ ಡ್ರಿಪ್ಪಿಗೆ ಸಿದ್ಧ ಮಾಡುತ್ತಿದ್ದಳು. ಡ್ಯೂಟಿ ಡಾಕ್ಟರು ಆಗಲೇ ಔಷಧಿ ಬರೆಯುತ್ತಿದ್ದರು. ನಾನು ಒಳಗೆ ಹೋಗಬೇಕಾದ ಅಗತ್ಯವೇ ಇರಲಿಲ್ಲ, ಬಾಗಿಲಲ್ಲೇ ನಿಂತೆ. ಕಾಯುತ್ತಿದ್ದ ಜನರೆಲ್ಲ ತಿರುಗಿ ನೋಡುತ್ತಿದ್ದಾರೆ ಎಂದು ಅವಳಮ್ಮನಿಗೆ ಮುಜುಗರ. ಸ್ವಲ್ಪ ಸುಮ್ಮನಿರು ಎಂದು ಮಗಳ ಬಾಯಿಯ ಮೇಲೆ ಕೈ ಇಟ್ಟಳು.

ಹುಡುಗಿ ಆ ಕೈಯನ್ನು ಎರಡೂ ಕೈಯಿಂದ ಹಿಡಿದು ಕೆಳಗಿಳಿಸಿದಳು.

“ನಾನು ಸುಮ್ನಿರಲ್ಲ,” ಎಂದಳು.